ಮಗುವಿನ ಜ್ವರಕ್ಕೆ ಮನೆಮದ್ದೋ, ಹೋಮಿಯೋಪತಿಯೋ, ಪ್ಯಾರಾಸಿಟಮಾಲೋ: ಆಯ್ಕೆಗೆ ಮುನ್ನ ತಿಳಿಯಬೇಕಾದದ್ದು

ಮಕ್ಕಳಿಗೆ ಬರುವ ಜ್ವರಗಳಲ್ಲಿ ಬಹುಪಾಲು ವೈರಸ್ಸುಗಳಿಂದ ಬರುವಂಥವು. ಅವು ಮೂರು ನಾಲ್ಕು ದಿನಗಳಲ್ಲಿ, ಏನು ಕೊಟ್ಟರೂ ಏನೂ ಕೊಡದಿದ್ದರೂ, ತಾವಾಗಿಯೇ ಇಳಿಯುತ್ತವೆ. ಈ ಸಂಗತಿಯನ್ನು ಬದಿಗಿಟ್ಟು ಮನೆಮದ್ದು, ಹೋಮಿಯೋಪತಿ ಮತ್ತು ಪ್ಯಾರಾಸಿಟಮಾಲ್‌ಗಳನ್ನು ಹೋಲಿಸಲು ಹೊರಟರೆ ಲೆಕ್ಕ ಮೊದಲಲ್ಲೇ ತಪ್ಪುತ್ತದೆ. ಎರಡನೆಯ ದಿನ ಸಂಜೆ ಅಜ್ಜಿ ಕುಡಿಸಿದ ತುಳಸಿ ಕಷಾಯ, ಮೂರನೆಯ ದಿನ ಹೋಮಿಯೋಪತಿ ವೈದ್ಯರು ಕೊಟ್ಟ ಬಿಳಿ ಗುಳಿಗೆ, ನಾಲ್ಕನೆಯ ದಿನ ಕೇಳಿ ಹಾಕಿಸಿಕೊಂಡ ಇಂಜೆಕ್ಷನ್, ಇವುಗಳಲ್ಲಿ ಯಾವುದು ಕೊನೆಯಲ್ಲಿ ಬಂತೋ ಅದಕ್ಕೇ ಜ್ವರ ಬಿಡಿಸಿದ ಕೀರ್ತಿ ಸಲ್ಲುತ್ತದೆ. ‘ನಮ್ಮ ಮನೆಯಲ್ಲಿ ಇದರಿಂದಲೇ ವಾಸಿಯಾಯಿತು’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆ ಮಾತಿನಿಂದ ಔಷಧದ ಗುಣ ಸಾಬೀತಾಗುವುದೂ ಇಲ್ಲ.

ಆದ್ದರಿಂದ ಇಲ್ಲಿ ಒಂದೊಂದು ವಿಧಾನವನ್ನೂ ಮೂರು ಪ್ರಶ್ನೆಗಳಿಟ್ಟುಕೊಂಡು ನೋಡಲಾಗಿದೆ. ಅದರಿಂದ ಮಗುವಿನ ನರಳಾಟ ಕಡಿಮೆಯಾಗುತ್ತದೆಯೇ? ಅದರಿಂದಲೇ ಮಗುವಿಗೆ ಕೆಡುಕಾಗುವ ಸಂಭವ ಎಷ್ಟು? ಅದನ್ನು ನಂಬಿ ಕುಳಿತರೆ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆಯೇ? ಮೂರರಲ್ಲಿ ಕೊನೆಯ ಪ್ರಶ್ನೆಗೇ ಹೆಚ್ಚು ತೂಕ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಮಕ್ಕಳ ಜ್ವರದಲ್ಲಿ ಅನಾಹುತ ಆಗುವುದು ಕೊಟ್ಟ ಮದ್ದಿಗಿಂತ ಹೆಚ್ಚಾಗಿ ಕಳೆದುಹೋದ ಸಮಯದಿಂದ.

ಹಣೆ ಮುಟ್ಟಿ ನೋಡಿದರೆ ಸಾಲದು

ಯಾವ ಪದ್ಧತಿಯನ್ನು ಆರಿಸಿಕೊಂಡರೂ ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಗುದದ್ವಾರದಲ್ಲಿ ಅಳೆದಾಗ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಜ್ವರವೆಂದು ಪರಿಗಣಿಸುತ್ತಾರೆ. ನಾವು ಸಾಮಾನ್ಯವಾಗಿ ಅಳೆಯುವ ಕಂಕುಳಿನಲ್ಲಿ ಅಂಕಿ ಇದಕ್ಕಿಂತ ಸುಮಾರು ಅರ್ಧದಿಂದ ಒಂದು ಡಿಗ್ರಿ ಕಡಿಮೆ ಬರುತ್ತದೆ. ಕಂಕುಳನ್ನು ಬೆವರಿಲ್ಲದಂತೆ ಒರೆಸಿ, ಥರ್ಮಾಮೀಟರಿನ ತುದಿ ಬಟ್ಟೆಗೆ ತಾಗದೆ ಚರ್ಮಕ್ಕೇ ತಾಗುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು ಬೀಪ್ ಶಬ್ದ ಬರುವವರೆಗೆ ಕಾಯಬೇಕು. ಆರೋಗ್ಯವಂತ ಮಗುವಿನ ಮೈ ಕೂಡ ಮುಂಜಾನೆಗಿಂತ ಸಂಜೆ ಸ್ವಲ್ಪ ಹೆಚ್ಚು ಬಿಸಿಯಿರುತ್ತದೆ. ಎರಡು ಹೊದಿಕೆ ಹೊದ್ದು ಮಲಗಿದ್ದ ಮಗು ಎದ್ದ ಕೂಡಲೇ ಬಿಸಿಯೆನಿಸುವುದೂ ಸಹಜ.

ಜ್ವರವೆಂದರೆ ಮೈ ಸುಮ್ಮನೆ ಬಿಸಿಯಾಗುವುದಲ್ಲ. ಸೋಂಕು ತಗುಲಿದಾಗ ಮೆದುಳಿನ ಹೈಪೊಥಲಾಮಸ್ ಎಂಬ ಭಾಗವು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಸೂಚನೆಯ ಮೇರೆಗೆ ದೇಹದ ಉಷ್ಣತೆಯ ಮಟ್ಟವನ್ನೇ ಮೇಲಕ್ಕೆ ನಿಗದಿಪಡಿಸುತ್ತದೆ. ಆ ಮಟ್ಟವನ್ನು ಮುಟ್ಟುವುದಕ್ಕಾಗಿ ಮೈ ನಡುಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಸೋಂಕಿನ ವಿರುದ್ಧದ ಹೋರಾಟಕ್ಕೆ ಈ ಬಿಸಿ ನೆರವಾಗುತ್ತದೆಯೇ ಹೊರತು, ಸಾಮಾನ್ಯ ಸೋಂಕಿನ ಜ್ವರ ಮೆದುಳಿಗೆ ಏರಿ ಹಾನಿ ಮಾಡುವುದಿಲ್ಲ. ಅಮೆರಿಕದ ಮಕ್ಕಳ ತಜ್ಞರ ಸಂಘ 2011ರಲ್ಲಿ ಹೊರಡಿಸಿದ ವರದಿಯೂ ಇದನ್ನೇ ಹೇಳುತ್ತದೆ: ಚಿಕಿತ್ಸೆಯ ಗುರಿ ಮಗುವಿಗೆ ನೆಮ್ಮದಿ ಕೊಡುವುದು, ಥರ್ಮಾಮೀಟರಿನ ಅಂಕಿಯನ್ನು ಹೇಗಾದರೂ 98.6ಕ್ಕೆ ಇಳಿಸುವುದಲ್ಲ. 102 ಡಿಗ್ರಿ ಇದ್ದರೂ ಆಡುತ್ತಾ ಗಂಜಿ ಕುಡಿಯುತ್ತಿರುವ ಮಗುವಿಗಿಂತ 100.5 ಇದ್ದು ಮಂಕಾಗಿ ಮಲಗಿರುವ ಮಗುವಿನ ಬಗ್ಗೆ ಹೆಚ್ಚು ಚಿಂತಿಸಬೇಕು.

ಆಯ್ಕೆಯ ಪ್ರಶ್ನೆಯೇ ಬಾರದ ಸಂದರ್ಭಗಳು

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಕಷಾಯವೂ ಬೇಡ, ಗುಳಿಗೆಯೂ ಬೇಡ, ಮನೆಯಲ್ಲಿ ಸಿರಪ್ಪೂ ಬೇಡ. ನೇರವಾಗಿ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ಅಷ್ಟು ಎಳೆಯ ಕೂಸಿಗೆ ಕಂಕುಳಿನಲ್ಲಿ 99.5 ಬಂದರೂ ವೈದ್ಯರಿಗೆ ಒಂದು ಮಾತು ತಿಳಿಸುವುದು ಒಳ್ಳೆಯದು. ರಕ್ತದ ಸೋಂಕು, ಮೆದುಳಿನ ಪೊರೆಯ ಸೋಂಕು ಮತ್ತು ಮೂತ್ರದ ಸೋಂಕು ಈ ವಯಸ್ಸಿನಲ್ಲಿ ಜ್ವರದ ಹೊರತು ಬೇರೆ ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಪೆಂಟಾವೇಲೆಂಟ್ ಲಸಿಕೆಯ ನಂತರ ಒಂದೆರಡು ದಿನ ಜ್ವರ ಬರುವುದು ಸಾಮಾನ್ಯವೇ ಆದರೂ, ಅದಕ್ಕೆ ಎಷ್ಟು ಹನಿ ಔಷಧ ಕೊಡಬೇಕೆಂಬುದನ್ನು ಲಸಿಕೆ ಹಾಕಿದವರಿಂದಲೇ ಕೇಳಿ ಬರಬೇಕು.

ದೊಡ್ಡ ಮಕ್ಕಳಲ್ಲಿಯೂ ಕೆಲವು ಲಕ್ಷಣಗಳು ಕಂಡಾಗ ಕಾಯುವಂತಿಲ್ಲ. ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಕುತ್ತಿಗೆ ಬಿಗಿಯುವುದು, ಎಳೆಯ ಮಗುವಿನ ನೆತ್ತಿ ಉಬ್ಬುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಆರೆಂಟು ಗಂಟೆ ಮೂತ್ರವೇ ಆಗದಿರುವುದು, ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಮೈಮೇಲೆ ಏಳುವುದು ಇವುಗಳಲ್ಲಿ ಮುಖ್ಯವಾದವು. ಉಸಿರಾಟವನ್ನು ಮಗು ಅಳದೆ ಇರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟಗಳಿದ್ದರೆ ಅದು ವೇಗದ ಉಸಿರಾಟ. ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಎಣಿಸುತ್ತಾ ಕೂರದೆ 108ಕ್ಕೆ ಕರೆಮಾಡಬೇಕು.

ಈ ಪಟ್ಟಿಯಲ್ಲಿ ಇಲ್ಲದ, ಆರು ತಿಂಗಳು ದಾಟಿದ, ನೆಗಡಿ ಕೆಮ್ಮಿನ ಜೊತೆ ಜ್ವರ ಬಂದಿರುವ, ನೀರು ಕುಡಿಯುತ್ತಿರುವ ಮಗುವಿನ ವಿಷಯದಲ್ಲಿ ಮಾತ್ರ ಮುಂದಿನ ಹೋಲಿಕೆಗೆ ಅರ್ಥವಿದೆ.

ಮನೆಮದ್ದು: ಎಲ್ಲವೂ ಒಂದೇ ಅಲ್ಲ

ಮನೆಮದ್ದು ಎಂಬ ಒಂದೇ ಹೆಸರಿನಡಿ ಬಹಳ ಉಪಯುಕ್ತವಾದದ್ದೂ ನಿರುಪದ್ರವಿಯಾದದ್ದೂ ನಿಜಕ್ಕೂ ಅಪಾಯಕಾರಿಯಾದದ್ದೂ ಸೇರಿಹೋಗಿವೆ. ಸಾರಾಸಗಟಾಗಿ ಒಪ್ಪುವವರೂ ಸಾರಾಸಗಟಾಗಿ ತಳ್ಳಿಹಾಕುವವರೂ ಇಲ್ಲಿ ಒಂದೇ ತಪ್ಪು ಮಾಡುತ್ತಾರೆ.

ಉಪಯುಕ್ತವಾದವುಗಳಲ್ಲಿ ಮೊದಲನೆಯದು ನೀರಿನಂಶ. ಜ್ವರದಲ್ಲಿ ಬೆವರು ಮತ್ತು ಉಸಿರಿನ ಮೂಲಕ ಹೋಗುವ ನೀರನ್ನು ತುಂಬಿಸುವುದಕ್ಕೆ ಗಂಜಿ ತಿಳಿ, ಬೇಳೆಕಟ್ಟು, ತೆಳು ಮಜ್ಜಿಗೆ, ಎಳನೀರು ಎಲ್ಲವೂ ಒಳ್ಳೆಯವೇ. ಜ್ವರವಿದ್ದಾಗ ಎಳನೀರು ಮತ್ತು ಮಜ್ಜಿಗೆ ಶೀತವೆಂದು ನಿಷೇಧಿಸುವ ಮನೆಗಳು ಬಹಳ ಇವೆ. ಮಗು ಬೇರೇನನ್ನೂ ಒಲ್ಲೆನೆಂದು ಅದನ್ನೇ ಕೇಳುತ್ತಿದ್ದರೆ ಕೊಡುವುದರಿಂದ ಜ್ವರ ಹೆಚ್ಚುವುದಿಲ್ಲ. ವಾಂತಿ ಭೇದಿ ಸೇರಿಕೊಂಡರೆ ಮಾತ್ರ ಎಳನೀರನ್ನು ನೆಚ್ಚದೆ ಓಆರ್‌ಎಸ್ ಪುಡಿಯನ್ನು, ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ, ಪೂರ್ತಿ ಪೊಟ್ಟಣ ಒಮ್ಮೆಗೇ ಕರಗಿಸಿ ಕೊಡಬೇಕು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೊಂದೇ ಸಾಕು. ಅದನ್ನೇ ಪದೇ ಪದೇ ಕೊಡಬೇಕು. ‘ಲಂಘನಂ ಪರಮೌಷಧಂ’ ಎಂಬ ಮಾತನ್ನು ದೊಡ್ಡವರ ಅಜೀರ್ಣಕ್ಕೆ ಮೀಸಲಿಡುವುದು ವಾಸಿ, ಏಕೆಂದರೆ ಹಸಿವಿಲ್ಲದ ಮಗುವಿಗೆ ಊಟಕ್ಕೆ ಒತ್ತಾಯ ಮಾಡದಿರುವುದು ಬೇರೆ, ಬೇಕೆಂದು ಉಪವಾಸ ಕೆಡವುವುದು ಬೇರೆ.

ಎರಡನೆಯದು ಒದ್ದೆ ಬಟ್ಟೆ. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಿದರೆ ಉಷ್ಣತೆ ಸ್ವಲ್ಪ ಹೊತ್ತು ಇಳಿಯುತ್ತದೆ, ಮತ್ತೆ ಏರುತ್ತದೆ. ಕಾರಣ ಸರಳ: ಮೆದುಳು ನಿಗದಿಪಡಿಸಿದ ಮಟ್ಟ ಮೇಲೆಯೇ ಇರುವಾಗ ಚರ್ಮವನ್ನು ತಣ್ಣಗೆ ಮಾಡಿದರೆ ದೇಹ ನಡುಗಿ ಮತ್ತೆ ಬಿಸಿಯನ್ನು ಹುಟ್ಟಿಸುತ್ತದೆ. ಇದೇ ಕಾರಣಕ್ಕೆ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಮಕ್ಕಳ ಜ್ವರಕ್ಕೆ ಮೈ ಒರೆಸುವುದನ್ನು ಶಿಫಾರಸು ಮಾಡುವುದಿಲ್ಲ. ನಮ್ಮಲ್ಲಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುವ ರೂಢಿ ಬಿಟ್ಟುಹೋಗುವಂಥದ್ದಲ್ಲ, ಮಗುವಿಗೆ ಹಿತವೆನಿಸಿದರೆ ಅಡ್ಡಿಯೂ ಇಲ್ಲ. ಮಗು ನಡುಗಿದರೆ ಅಥವಾ ಅತ್ತು ತಳ್ಳಿದರೆ ಅಲ್ಲಿಗೇ ನಿಲ್ಲಿಸಬೇಕು. ಐಸ್ ನೀರನ್ನೂ ಸ್ಪಿರಿಟ್ಟನ್ನೂ ಎಂದೂ ಬಳಸಬಾರದು. ಸ್ವೆಟರು, ಟೊಪ್ಪಿಗೆ, ಕಂಬಳಿ ಹೊದಿಸಿ ಕಿಟಕಿ ಮುಚ್ಚಿ ‘ಬೆವರಿಸುವ’ ಪದ್ಧತಿ ಕೈಬಿಡುವುದು ಲೇಸು. ತೆಳುವಾದ ಹತ್ತಿ ಅಂಗಿ, ನಿಧಾನವಾಗಿ ತಿರುಗುವ ಫ್ಯಾನು, ಇಷ್ಟು ಸಾಕು.

ತುಳಸಿ, ಶುಂಠಿ, ಮೆಣಸಿನ ಕಷಾಯ ಅಥವಾ ಕೆಂಡದ ಮೇಲೆ ಬಾಡಿಸಿ ಹಿಂಡಿದ ದೊಡ್ಡಪತ್ರೆಯ ರಸ ಜ್ವರವನ್ನು ಇಳಿಸುತ್ತವೆಂಬುದಕ್ಕೆ ಮಕ್ಕಳಲ್ಲಿ ಭದ್ರವಾದ ಆಧಾರವಿಲ್ಲ. ಆದರೂ ಒಂದು ವರ್ಷ ದಾಟಿದ ಮಗುವಿಗೆ ನೀರಾಗಿ ಮಾಡಿದ ಕಷಾಯವನ್ನು ಒಂದೆರಡು ಚಮಚ ಕೊಟ್ಟರೆ ಗಂಟಲಿಗೆ ಹಿತ, ಹೊಟ್ಟೆಗೆ ಒಂದಿಷ್ಟು ನೀರು. ಜೇನುತುಪ್ಪ ಕೆಮ್ಮನ್ನು ಸ್ವಲ್ಪ ಶಮನ ಮಾಡುತ್ತದೆಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿಯೂ ಕೂಡದು, ಏಕೆಂದರೆ ಅದರಲ್ಲಿರಬಹುದಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ನರಗಳ ವಿಷಬಾಧೆಯನ್ನು ತರಬಲ್ಲವು. ಕಷಾಯ ಕುಡಿಸಲು ಜೇನು ಬೆರೆಸುವ ಮನೆಗಳಲ್ಲಿ ಇದು ಸುಲಭವಾಗಿ ಮರೆತುಹೋಗುತ್ತದೆ.

ಇನ್ನು ಅಪಾಯದ ಕಡೆಗೆ. ಸಾಣೆಕಲ್ಲಿನ ಮೇಲೆ ಎದೆಹಾಲು ಹಾಕಿ ಎರಡು ಸುತ್ತು ಬಜೆ, ಒಂದು ಸುತ್ತು ಜಾಯಿಕಾಯಿ ಎಂದು ತೇಯ್ದು ಕೂಸಿಗೆ ನೆಕ್ಕಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಈಗಲೂ ಇದೆ. ಸುತ್ತಿನ ಲೆಕ್ಕ ಕೈಯ ಬಲವನ್ನೂ ಬೇರಿನ ಹಳತನವನ್ನೂ ಅವಲಂಬಿಸಿ ಬದಲಾಗುತ್ತದೆ, ಆದ್ದರಿಂದ ಪ್ರಮಾಣ ಎಂದಿಗೂ ಒಂದೇ ಇರುವುದಿಲ್ಲ. ಬಜೆಯಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಜಾಯಿಕಾಯಿ ಪ್ರಮಾಣ ಮೀರಿದರೆ ಮಂಪರು ತರುತ್ತದೆ. ಜ್ವರದ ಮಗು ಮಂಕಾಗಿದೆಯೇ ಎಂಬುದು ವೈದ್ಯರು ಮೊದಲು ನೋಡುವ ಲಕ್ಷಣ. ತೇಯ್ದ ಮದ್ದಿನ ಮಂಪರು ಅದರ ಜೊತೆ ಸೇರಿದರೆ ಯಾವುದು ರೋಗದ್ದು, ಯಾವುದು ಮದ್ದಿನದ್ದು ಎಂದು ಹೇಳುವವರು ಯಾರು? ಎಣ್ಣೆಯಲ್ಲಿ ಕಾಯಿಸಿದ ಕರ್ಪೂರವನ್ನು ಎರಡು ವರ್ಷದೊಳಗಿನವರ ಎದೆಗೆ ಹಚ್ಚಬಾರದು, ಯಾವ ವಯಸ್ಸಿನ ಮಗುವಿನ ಬಾಯಿಗೂ ಹಾಕಬಾರದು. ಹೊಟ್ಟೆಗೆ ಹೋದ ಕರ್ಪೂರ ಫಿಟ್ಸ್ ತರಿಸುತ್ತದೆ. ನೀಲಗಿರಿ ಎಣ್ಣೆಗೂ ಇದೇ ಎಚ್ಚರಿಕೆ.

ಆಯುರ್ವೇದ ಅಂಗಡಿಯಲ್ಲಿ ಸಿಗುವ ಸಿದ್ಧ ಔಷಧಗಳನ್ನು ಮನೆಮದ್ದೆಂದು ಭಾವಿಸಿ ತಾವೇ ಕೊಡುವುದು ಸರಿಯಲ್ಲ. ಜ್ವರಕ್ಕೆಂದೇ ಹೆಸರಾದ ಕಸ್ತೂರಿ ಭೈರವ ರಸದಂಥ ಮಿಶ್ರಣಗಳಲ್ಲಿ ಪಾದರಸದ ಖನಿಜವಾದ ಇಂಗಳೀಕವೂ ವಿಷಸಸ್ಯವಾದ ವತ್ಸನಾಭಿಯೂ ಸೇರಿರುತ್ತವೆ. ಹೆಸರಿನ ಕೊನೆಗೆ ‘ರಸ’ ಅಥವಾ ‘ಭಸ್ಮ’ ಎಂದಿದ್ದರೆ ಮಗುವಿಗೆ ಸ್ವಂತ ಬುದ್ಧಿಯಿಂದ ಕೊಡಬಾರದೆಂದು ತಿಳಿಯಬೇಕು. ಅಮೃತಬಳ್ಳಿಯನ್ನು ಕೋವಿಡ್ ಕಾಲದಲ್ಲಿ ದಿನವೂ ಸೇವಿಸಿದ ಕೆಲವರಿಗೆ ಯಕೃತ್ತಿನ ಊತ ಕಾಣಿಸಿಕೊಂಡದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಿವಾದ ಯಾವ ಕಡೆ ತೀರ್ಮಾನವಾದರೂ, ಮಗುವಿನ ಮೂರು ದಿನದ ಜ್ವರಕ್ಕೆ ಅದರ ಅಗತ್ಯವಿಲ್ಲ.

ಹೋಮಿಯೋಪತಿ

ಹೋಮಿಯೋಪತಿಗೂ ಜ್ವರಕ್ಕೂ ಹುಟ್ಟಿನಿಂದಲೇ ನಂಟು. ಜರ್ಮನಿಯ ಸ್ಯಾಮುಯೆಲ್ ಹಾನಿಮನ್ 1790ರ ಸುಮಾರಿಗೆ ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನು ಆರೋಗ್ಯವಾಗಿದ್ದಾಗಲೇ ತಾವು ಸೇವಿಸಿ, ಮೈಯಲ್ಲಿ ಅದೇ ಜ್ವರದಂಥ ಲಕ್ಷಣಗಳು ಕಂಡುವೆಂದು ಬರೆದರು. ಯಾವ ವಸ್ತು ಒಂದು ಲಕ್ಷಣವನ್ನು ಹುಟ್ಟಿಸುತ್ತದೆಯೋ ಅದೇ ವಸ್ತು ಆ ಲಕ್ಷಣವನ್ನು ವಾಸಿಮಾಡುತ್ತದೆ ಎಂಬ ಸಿದ್ಧಾಂತ ಅಲ್ಲಿಂದ ಬೆಳೆಯಿತು. ಬೆಲ್ಲಡೋನ ಗಿಡ ತಿಂದವರಿಗೆ ಮುಖ ಕೆಂಪೇರಿ, ಕಣ್ಣಿನ ಪಾಪೆ ಅಗಲವಾಗಿ, ಮೈ ಸುಡುತ್ತದೆ, ಆದ್ದರಿಂದ ಅಂಥದೇ ಜ್ವರಕ್ಕೆ ಬೆಲ್ಲಡೋನ ಕೊಡುತ್ತಾರೆ. ಒಣ ತಂಗಾಳಿ ತಗುಲಿ ಇದ್ದಕ್ಕಿದ್ದಂತೆ ಬಂದ ಜ್ವರಕ್ಕೆ ಅಕೊನೈಟ್, ಜ್ವರದ ಆರಂಭಕ್ಕೆ ಫೆರಮ್ ಫಾಸ್, ಹಲ್ಲು ಬರುವಾಗ ರಚ್ಚೆ ಹಿಡಿಯುವ ಮಗುವಿಗೆ ಕ್ಯಾಮೊಮಿಲ್ಲ, ಮಂಕಾಗಿ ತೂಕಡಿಸುವ, ಬಾಯಾರಿಕೆಯೇ ಇಲ್ಲದ ಮಗುವಿಗೆ ಜೆಲ್ಸೀಮಿಯಂ ಎಂಬುದು ಆ ಪದ್ಧತಿಯ ವಾಡಿಕೆ.

ಕರ್ನಾಟಕದಲ್ಲಿ ಈ ಪದ್ಧತಿಗೆ ಗಟ್ಟಿಯಾದ ಬೇರುಗಳಿವೆ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿದರು. ಅವರ ಹೆಸರಿನ ಸಂಸ್ಥೆ ಇಂದು ಹೋಮಿಯೋಪತಿ ಕಾಲೇಜನ್ನೂ ದೊಡ್ಡ ಅಲೋಪತಿ ಆಸ್ಪತ್ರೆಯನ್ನೂ ನಡೆಸುತ್ತಿದೆ. ಭಾರತದಲ್ಲಿ 1973ರ ಕಾಯಿದೆಯಿಂದ ಹೋಮಿಯೋಪತಿ ಶಿಕ್ಷಣಕ್ಕೆ ಕೇಂದ್ರೀಯ ಮಂಡಳಿ ಬಂತು, 2020ರ ಕಾಯಿದೆಯಿಂದ ರಾಷ್ಟ್ರೀಯ ಆಯೋಗ ಬಂತು. ಕಾನೂನಿನ ಮಾನ್ಯತೆ ವೈದ್ಯರ ಓದಿಗೆ ಸಂಬಂಧಿಸಿದ್ದು. ಗುಳಿಗೆಯ ಪರಿಣಾಮ ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಸೀಸೆಯ ಮೇಲಿರುವ ಅಂಕಿಯಿಂದಲೇ ಆರಂಭವಾಗುತ್ತದೆ. ‘30ಸಿ’ ಎಂದರೆ ಮೂಲದ್ರಾವಣದ ಒಂದು ಭಾಗವನ್ನು ನೂರು ಭಾಗವಾಗಿಸುವ ಕ್ರಿಯೆಯನ್ನು ಮೂವತ್ತು ಸಲ ಮಾಡಿದ್ದು. ಒಟ್ಟು ದುರ್ಬಲೀಕರಣ ಒಂದರ ಮುಂದೆ ಅರವತ್ತು ಸೊನ್ನೆ. ಅಣುಗಳ ಲೆಕ್ಕದ ಪ್ರಕಾರ ಸುಮಾರು ಹನ್ನೆರಡನೆಯ ಸುತ್ತಿನ ನಂತರ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಅಣು ಉಳಿಯದಿದ್ದರೂ ನೀರಿಗೆ ಅದರ ನೆನಪಿರುತ್ತದೆಂಬ ಹೋಮಿಯೋಪತಿಯ ವಾದ ಪರೀಕ್ಷೆಯಲ್ಲಿ ನಿಂತಿಲ್ಲ. ಮಕ್ಕಳ ಉಸಿರಾಟದ ಸೋಂಕುಗಳಿಗೆ ಹೋಮಿಯೋಪತಿ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2018ರ ಪರಾಮರ್ಶೆಗೆ ಸ್ಥಿರವಾದ ಪ್ರಯೋಜನವೇನೂ ಕಾಣಲಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ, ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಲರ್ಹ ಆಧಾರವಿರುವ ಕಾಯಿಲೆ ಒಂದೂ ಇಲ್ಲವೆಂದು ತೀರ್ಮಾನಿಸಿತು.

ಹಾಗಿದ್ದರೂ ಜನ ಅಲ್ಲಿಗೆ ಹೋಗುವುದಕ್ಕೆ ಕಾರಣವಿದೆ. ಹೋಮಿಯೋಪತಿ ವೈದ್ಯರು ಮಗು ಯಾವ ಮಗ್ಗುಲಿಗೆ ಮಲಗುತ್ತದೆ, ಬಿಸಿನೀರು ಕೇಳುತ್ತದೋ ತಣ್ಣೀರು ಕೇಳುತ್ತದೋ ಎಂದೆಲ್ಲ ಅರ್ಧ ಗಂಟೆ ವಿಚಾರಿಸುತ್ತಾರೆ. ಕಿಕ್ಕಿರಿದ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕಾದು ಎರಡು ನಿಮಿಷದಲ್ಲಿ ಚೀಟಿ ಪಡೆದು ಬಂದ ತಾಯಿಗೆ ಆ ಅರ್ಧ ಗಂಟೆಯೇ ದೊಡ್ಡ ಸಮಾಧಾನ. ಸಿಹಿಯಾದ ಗುಳಿಗೆಯನ್ನು ಮಗು ಹಟಮಾಡದೆ ಚೀಪುತ್ತದೆ. ಅನಗತ್ಯ ಆಂಟಿಬಯೋಟಿಕ್‌ನಿಂದ ಮಗು ಪಾರಾಗುತ್ತದೆ ಎಂಬುದೂ ಸಣ್ಣ ಲಾಭವಲ್ಲ. ವೈರಸ್ ಜ್ವರಕ್ಕೆ ಏನೂ ಕೊಡದೆ ಕಾಯುವುದು ಎಷ್ಟೋ ಸಲ ಸರಿಯಾದ ಚಿಕಿತ್ಸೆಯೇ. ಗುಳಿಗೆಯ ಹೆಸರಿನಲ್ಲಿ ಆಗುವುದೂ ಅದೇ.

ತೊಂದರೆ ಇರುವುದು ಆ ಕಾಯುವಿಕೆಗೆ ಮಿತಿ ಇಲ್ಲದಾದಾಗ. ಜೆಲ್ಸೀಮಿಯಂನ ವರ್ಣನೆಯನ್ನೇ ಮತ್ತೊಮ್ಮೆ ನೋಡಿ: ಮಂಕು, ತೂಕಡಿಕೆ, ಏನನ್ನೂ ಕುಡಿಯಲು ಬಯಸದಿರುವುದು. ಹೋಮಿಯೋಪತಿಯ ಕೈಪಿಡಿಯಲ್ಲಿ ಇದು ಗುಳಿಗೆ ಆರಿಸುವ ಲಕ್ಷಣ; ಮಕ್ಕಳ ವೈದ್ಯರ ಪಟ್ಟಿಯಲ್ಲಿ ಇದೇ ತುರ್ತು ಚಿಕಿತ್ಸೆಯ ಲಕ್ಷಣ. ಮದ್ದು ಹಿಡಿದಾಗ ಲಕ್ಷಣ ಮೊದಲು ಉಲ್ಬಣಿಸಿ ಆಮೇಲೆ ಇಳಿಯುತ್ತದೆ ಎಂಬ ನಂಬಿಕೆ ಇದಕ್ಕಿಂತಲೂ ಕಷ್ಟದ್ದು, ಏಕೆಂದರೆ ಮಗುವಿನ ಸ್ಥಿತಿ ಹದಗೆಡುತ್ತಿರುವುದನ್ನೇ ಅದು ಶುಭಸೂಚನೆಯಾಗಿ ತೋರಿಸುತ್ತದೆ. ಮಲೇರಿಯಾ, ಕ್ಷಯ, ಶಿಶುಗಳ ಭೇದಿಗೆ ಹೋಮಿಯೋಪತಿಯನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2009ರಲ್ಲಿ ಎಚ್ಚರಿಸಿದ್ದರು. ಲಸಿಕೆಯ ಬದಲು ಗುಳಿಗೆ ಸಾಕೆನ್ನುವವರ ಮಾತನ್ನು ಕೇಳಲೇಬಾರದು.

ಗುಳಿಗೆ ಯಾವಾಗಲೂ ನಿರಪಾಯಕಾರಿ ಎಂದೂ ಹೇಳುವಂತಿಲ್ಲ. ‘ಮದರ್ ಟಿಂಕ್ಚರ್’ ಎಂಬ ಮೂಲದ್ರಾವಣದಲ್ಲಿ ಆಲ್ಕೋಹಾಲೂ ಗಿಡದ ಸತ್ವವೂ ನಿಜವಾಗಿಯೇ ಇರುತ್ತವೆ. ಹಲ್ಲು ಬರುವ ಮಕ್ಕಳಿಗಾಗಿ ಮಾರುತ್ತಿದ್ದ ಕೆಲವು ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನದ ಅಂಶ ಹೇಳಿದ್ದಕ್ಕಿಂತ ಹೆಚ್ಚಾಗಿಯೂ ಏರುಪೇರಾಗಿಯೂ ಇದ್ದುದನ್ನು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ (ಎಫ್‌ಡಿಎ) 2017ರ ಜನವರಿಯಲ್ಲಿ ಪ್ರಕಟಿಸಿತು.

ಪ್ಯಾರಾಸಿಟಮಾಲ್ ಮತ್ತು ಅದರ ಸಂಗಡಿಗರು

ಪ್ಯಾರಾಸಿಟಮಾಲ್ ಮೆದುಳು ಏರಿಸಿಟ್ಟ ಮಟ್ಟವನ್ನೇ ಕೆಳಗಿಳಿಸುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೈಕೈ ನೋವು ಕಡಿಮೆಯಾಗಿ ಮಗು ಕಣ್ಣರಳಿಸಿ ನೀರು ಕೇಳುತ್ತದೆ. ನೆಮ್ಮದಿ ಕೊಡುವ ವಿಷಯದಲ್ಲಿ ಈ ಮೂರು ಆಯ್ಕೆಗಳಲ್ಲಿ ಗಟ್ಟಿಯಾದ ಆಧಾರವಿರುವುದು ಇದಕ್ಕೆ ಮಾತ್ರ. ಆದರೆ ಇದು ರೋಗವನ್ನು ವಾಸಿಮಾಡುವುದಿಲ್ಲ, ಜ್ವರದ ಫಿಟ್ಸ್ ಬರುವುದನ್ನು ತಡೆಯುವುದೂ ಇಲ್ಲ.

ಇದರ ನಿಜವಾದ ಅಪಾಯ ಅಳತೆಯಲ್ಲಿದೆ. ಪ್ರಮಾಣವನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕಬೇಕು: ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. ನಮ್ಮ ಅಂಗಡಿಗಳಲ್ಲಿ ಒಂದೇ ಔಷಧ ಮೂರು ಬಲದಲ್ಲಿ ಸಿಗುತ್ತದೆ. ಹನಿಯ ರೂಪದ್ದರಲ್ಲಿ 1 ಮಿಲಿಲೀಟರಿಗೆ 100 ಮಿಲಿಗ್ರಾಂ, ಸಾಮಾನ್ಯ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಅಥವಾ 125, ದೊಡ್ಡ ಮಕ್ಕಳ ಸಿರಪ್ಪಿನಲ್ಲಿ ಅದೇ 5 ಮಿಲಿಲೀಟರಿಗೆ 250. ಹತ್ತು ಕಿಲೋ ತೂಕದ ಮಗುವಿಗೆ ಗರಿಷ್ಠ 150 ಮಿಲಿಗ್ರಾಂ ಎಂದಿಟ್ಟುಕೊಂಡರೆ ಹನಿಯಲ್ಲಿ ಒಂದೂವರೆ, 120ರ ಸಿರಪ್ಪಿನಲ್ಲಿ ಸುಮಾರು ಆರು, 250ರ ಸಿರಪ್ಪಿನಲ್ಲಿ ಮೂರು ಮಿಲಿಲೀಟರ್ ಆಗುತ್ತದೆ. ‘ಕಳೆದ ಸಲ ಒಂದು ಮುಚ್ಚಳ ಕೊಟ್ಟಿದ್ದೆವು’ ಎಂಬ ನೆನಪಿನಿಂದ ಹನಿಯ ಸೀಸೆಯಿಂದ 5 ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ. ಪದೇ ಪದೇ ಹೀಗಾದರೆ ಯಕೃತ್ತು ಕೆಡುತ್ತದೆ. ಅಡುಗೆಮನೆಯ ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಿಂದ ಅಳೆಯಬೇಕು. ನೆಗಡಿಯ ಸಿರಪ್ಪಿನಲ್ಲಿಯೂ ಪ್ಯಾರಾಸಿಟಮಾಲ್ ಸೇರಿದೆಯೇ ಎಂದು ಲೇಬಲ್ ಓದಬೇಕು.

ನೆಗಡಿ ಕೆಮ್ಮಿನ ಸಂಯುಕ್ತ ಸಿರಪ್ಪುಗಳನ್ನು ವೈದ್ಯರು ಬರೆಯದೆ ಕೊಳ್ಳದಿರುವುದೇ ಒಳಿತು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ‘ಇಂಗ್ಲಿಷ್ ಮದ್ದು’ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ ಎಂದು ಸಹಜ ಚಿಕಿತ್ಸೆಯ ಪರ ಇರುವವರು ಹೇಳುವಾಗ ಅವರ ಮಾತಿನಲ್ಲಿ ಸತ್ಯವಿದೆ.

ಜ್ವರ ಇಳಿಸುವ ಬೇರೆ ಔಷಧಗಳಲ್ಲಿ ಐಬುಪ್ರೊಫೆನ್ ಆರು ತಿಂಗಳು ದಾಟಿದವರಿಗೆ ವೈದ್ಯರ ಸಲಹೆಯ ಮೇಲೆ ಮಾತ್ರ. ಮೆಫೆನಮಿಕ್ ಆಮ್ಲದ ಸಿರಪ್ಪನ್ನು ‘ಜ್ವರ ಬೇಗ ಇಳಿಯುತ್ತದೆ’ ಎಂದು ಕೇಳಿ ಕೊಳ್ಳುವವರಿದ್ದಾರೆ. ಅದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಬರುವ ಬಗ್ಗೆ ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಕೆ ನೀಡಿತ್ತು. ನಿಮೆಸುಲೈಡ್ 2011ರಿಂದ 12 ವರ್ಷದೊಳಗಿನವರಿಗೆ ನಿಷಿದ್ಧ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಜ್ವರ ಬಿಟ್ಟ ಮೇಲೆ ಬರುವ ಅಪಾಯ

ಮಳೆಗಾಲದಲ್ಲಿ ಈ ಹೋಲಿಕೆಯ ಲೆಕ್ಕವೇ ಬದಲಾಗುತ್ತದೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಡೆಂಗಿಯಲ್ಲಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರಲು ಆರಂಭವಾಗಬಹುದು. ಕಷಾಯಕ್ಕೋ ಗುಳಿಗೆಗೋ ಕೀರ್ತಿ ಕೊಟ್ಟು ಮನೆಯವರು ನಿರಾಳವಾಗುವ ಗಳಿಗೆಯೂ ಅದೇ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಿನ ಕೈಕಾಲು, ಸುಸ್ತು ಕಂಡರೆ ಜ್ವರವಿಲ್ಲದಿದ್ದರೂ ಆಸ್ಪತ್ರೆಗೆ ಓಡಬೇಕು. ಡೆಂಗಿ ಸಂಶಯವಿರುವಾಗ ಐಬುಪ್ರೊಫೆನ್, ಮೆಫೆನಮಿಕ್ ಆಮ್ಲ, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಪ್ಯಾರಾಸಿಟಮಾಲ್ ಒಂದೇ ದಾರಿ. ಪಪ್ಪಾಯಿ ಎಲೆಯ ರಸ ಪ್ಲೇಟ್‌ಲೆಟ್ ಎಣಿಕೆಯನ್ನು ಏರಿಸಬಹುದೆಂದು ಕೆಲವು ಅಧ್ಯಯನಗಳು ಹೇಳಿದರೂ ಪ್ರಾಣಾಪಾಯ ತಗ್ಗಿಸುತ್ತದೆಂಬುದು ಸಿದ್ಧವಾಗಿಲ್ಲ. ಅದರ ಕಹಿಗೆ ವಾಂತಿಮಾಡಿಕೊಂಡ ಮಗು ಇದ್ದ ನೀರನ್ನೂ ಕಳೆದುಕೊಳ್ಳುತ್ತದೆ.

ಮಂಗಳೂರಿನ ಸುತ್ತಮುತ್ತ ಚಳಿಜ್ವರವೆಂದರೆ ಮಲೇರಿಯಾ ಪರೀಕ್ಷೆ ಮಾಡಿಸಬೇಕು. ಮಲೆನಾಡಿನಲ್ಲಿ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಮರೆಯುವಂತಿಲ್ಲ. ಇಂಥ ಊರುಗಳಲ್ಲಿ ಮೂರನೆಯ ದಿನವೂ ಜ್ವರ ಬಿಡದಿದ್ದರೆ ರಕ್ತಪರೀಕ್ಷೆ, ಆಮೇಲೆ ಉಳಿದ ಮಾತು.

ಒಟ್ಟಿಗೆ ನಡೆಸುವುದಾದರೆ

ಮನೆಯ ಹಿರಿಯರ ಮಾತು ಮೀರಲಾಗದ ಪರಿಸ್ಥಿತಿಯಲ್ಲಿ ಎಲ್ಲವನ್ನೂ ಒಂದಿಷ್ಟು ಮಾಡುವುದೇ ವಾಡಿಕೆ. ಆರು ತಿಂಗಳು ದಾಟಿದ, ಲವಲವಿಕೆಯಿಂದಿರುವ ಮಗುವಿಗೆ ಗಂಜಿ ತಿಳಿ, ಹತ್ತಿ ಬಟ್ಟೆ, ನರಳುತ್ತಿದ್ದರೆ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಒಂದು ವರ್ಷ ದಾಟಿದ್ದರೆ ಜೊತೆಗೆ ನೀರಾದ ಕಷಾಯವಿರಲಿ. ಮನೆಯವರ ಸಮಾಧಾನಕ್ಕೆ ‘30ಸಿ’ ಹೋಮಿಯೋಪತಿ ಗುಳಿಗೆಯನ್ನೂ ಕೊಟ್ಟರೆ ನಷ್ಟವಿಲ್ಲ, ಲಾಭವೂ ಇಲ್ಲ. ಆದರೆ ಅದನ್ನು ಕೊಟ್ಟಿದ್ದೇವೆಂದು ವೈದ್ಯರನ್ನು ಕಾಣುವ ದಿನವನ್ನು ಮುಂದಕ್ಕೆ ಹಾಕಬಾರದು. ಅಜ್ಜಿಯೊಡನೆ ವಾದಕ್ಕಿಳಿಯುವುದಕ್ಕಿಂತ, ‘ಅಜ್ಜಿ, ಕಷಾಯ ನೀವು ಮಾಡಿ, ನಾಳೆ ಸಂಜೆಯೊಳಗೆ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗೋಣ’ ಎಂದು ಗಡುವನ್ನು ಮೊದಲೇ ಒಪ್ಪಿಸಿಕೊಳ್ಳುವುದು ಜಾಣತನ.

ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ಆಗ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಬಾಯಿಗೆ ಹನಿ ಔಷಧವೂ ಬೇಡ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಳಿಯ ಬಟ್ಟೆ ಸಡಿಲಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಅಂಬುಲೆನ್ಸ್. ಬೇಗ ನಿಂತರೂ ಮೊದಲ ಸಲ ಬಂದದ್ದಾದರೆ ಅಂದೇ ವೈದ್ಯರಿಗೆ ತೋರಿಸಬೇಕು.

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಎಷ್ಟು ಗಂಟೆಗೆ ಎಷ್ಟು ಜ್ವರವಿತ್ತು, ಯಾವ ಔಷಧವನ್ನು ಎಷ್ಟು ಮಿಲಿಲೀಟರ್ ಕೊಟ್ಟಿರಿ, ಕೊನೆಯ ಸಲ ಮೂತ್ರ ಯಾವಾಗ ಆಯಿತು ಎಂದು ಬರೆದುಕೊಂಡಿರಬೇಕು. ಬೈಗುಳಕ್ಕೆ ಹೆದರಿ ಕಷಾಯ, ತೇಯ್ದ ಮದ್ದು, ಗುಳಿಗೆಗಳ ಸುದ್ದಿಯನ್ನು ಮುಚ್ಚಿಡಬಾರದು. ಹೋಮಿಯೋಪತಿ ಕ್ಲಿನಿಕ್ಕಿನಲ್ಲಿಯೂ ನಾಟಿ ವೈದ್ಯರಲ್ಲಿಯೂ ಎಷ್ಟೋ ಸಲ ಹೆಸರು ಬರೆಯದ ಪೊಟ್ಟಣವನ್ನೇ ಕೊಟ್ಟಿರುತ್ತಾರೆ. ಅಂಥ ಔಷಧವಾದರೆ ಪೊಟ್ಟಣವನ್ನೇ ಜೊತೆಗೆ ಕೊಂಡೊಯ್ಯಬೇಕು.